ಹಾರದ ಬದಲು ಸಮಾಧಾನ

ಹೋದ ಭಾನುವಾರ ಶಿರಸಿಯಲ್ಲಿ ಒಂದು ಸಭೆ. ನಾನು ಅತಿಥಿಯಲ್ಲ, ಊಟಕ್ಕೆ ಹೋದವನು. ಕುಮಟಾದಿಂದ ಬರಬೇಕಿದ್ದ ಅತಿಥಿಗಳು ಘಟ್ಟದಲ್ಲಿ ಲಾರಿ ಅಡ್ಡ ನಿಂತು ಸಿಕ್ಕಿಬಿದ್ದಿದ್ದರು. ಖಾಲಿ ಕುರ್ಚಿ ಫೋಟೋದಲ್ಲಿ ಚಂದ ಕಾಣುವುದಿಲ್ಲ ಅಂತ ನನ್ನನ್ನು ಎಳೆದು ಕೂರಿಸಿದರು. ಕೊನೆಗೆ ಕೈಗೆ ಒಂದು ಪುಸ್ತಕ ಬಂತು. ಮನಸ್ಸಿನ ಗಾಯ ಮಾಯಿಸಿಕೊಳ್ಳುವುದು ಹೇಗೆ, ಅದೂ ಬರೀ 21 ದಿನದಲ್ಲಿ, ಅಂತ ಹೇಳುವ ಪುಸ್ತಕ.

ಮನೆಯಲ್ಲಿ ಹೆಂಡತಿ ಬಣ್ಣದ ಕಾಗದ ಬಿಚ್ಚಿದಳು. ತಿರುಗಿಸಿ ನೋಡಿದಳು.

“ನಾವು ಕೊಟ್ಟ ಪುಸ್ತಕ ಅಲ್ದ ಇದು?”

ಹೌದು. ಎರಡು ವರ್ಷದ ಹಿಂದೆ ಒಬ್ಬ ಮೇಷ್ಟ್ರ ನಿವೃತ್ತಿಗೆ ನಾವೇ ಕೊಟ್ಟಿದ್ದು. ಮೊದಲ ಪುಟದಲ್ಲಿ ನನ್ನದೇ ಅಕ್ಷರ, ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಅದರ ಕೆಳಗೆ ಇನ್ನೊಬ್ಬರ ಶುಭಾಶಯ, ಅದಕ್ಕೂ ಬಿಳಿ. ಪುಟವನ್ನು ಬೆಳಕಿಗೆ ಹಿಡಿದರೆ ನಾಲ್ಕು ಮನೆ ತಿರುಗಿ ಬಂದಿದ್ದು ಲೆಕ್ಕಕ್ಕೆ ಸಿಗುತ್ತದೆ. ಹಳೆಯದನ್ನು ಹಿಡಿದುಕೊಂಡು ಕೂರಬೇಡಿ, ಬಿಟ್ಟುಬಿಡಿ ಅಂತ ಒಳಗೆ ಬರೆದಿದೆ. ಎಲ್ಲರೂ ಆ ಮಾತನ್ನು ಪಾಲಿಸಿದ್ದಾರೆ.

ಇದಕ್ಕೆಲ್ಲ ಮೂಲ 2021ರ ಆಗಸ್ಟ್. ಸರ್ಕಾರಿ ಸಭೆಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಒಳ್ಳೆಯ ಮಾತೇ. ನಮ್ಮೂರಿನವರು ಅದನ್ನು ಖಾಸಗಿ ಸಭೆಗಳಿಗೂ ಹಚ್ಚಿಕೊಂಡರು. ಆದರೆ ಯಾವ ಪುಸ್ತಕ ಕೊಡುವುದು? ಕಾದಂಬರಿ ಕೊಟ್ಟರೆ ಅದರಲ್ಲಿ ಯಾವುದೋ ಜಾತಿ ಬಂದಿರುತ್ತದೆ. ಇತಿಹಾಸ ಕೊಟ್ಟರೆ ಊಟದ ಪಂಕ್ತಿಯಲ್ಲೇ ಜಗಳ. ಕವನ ಸಂಕಲನ ಕೊಡೋಣ ಅಂದರೆ ವೇದಿಕೆ ಮೇಲೆ ಇನ್ನೂ ಮೂವರು ಕವಿಗಳು ಕೂತಿರುತ್ತಾರೆ. ಕೊನೆಗೆ ಯಾರಿಗೂ ನೋವಾಗದ ಪುಸ್ತಕ ಅಂತ ಉಳಿದಿದ್ದು ನೋವಿನ ಪುಸ್ತಕ ಒಂದೇ.

ನೋವಾಗುವುದಿಲ್ಲ ಅಂತ ಹೇಗೆ ಅಂದುಕೊಂಡರೋ. ಸರ್ವೆಗೆ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದ ಊರಿನವರು ಅದೇ ಅಧಿಕಾರಿಯ ಕೈಗೆ ‘ತಾಳ್ಮೆ ಬೆಳೆಸಿಕೊಳ್ಳುವ ಕಲೆ’ ಬಗ್ಗೆ ಪುಸ್ತಕ ಇಟ್ಟು ಫೋಟೋ ತೆಗೆಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆ ಮನೆಯಲ್ಲಿ ಮದುಮಕ್ಕಳಿಗೆ ‘ಒಂಟಿತನ ಎದುರಿಸುವುದು ಹೇಗೆ’ ಅನ್ನುವುದೂ ಬಂದಿತ್ತು. ಶಾಲಿನ ಕಾಲವೇ ವಾಸಿ. ಅದೂ ಮನೆಯಿಂದ ಮನೆಗೆ ತಿರುಗುತ್ತಿತ್ತು ನಿಜ, ಆದರೆ ಮಾಗಿಯ ಚಳಿಯಲ್ಲಿ ಅಡಿಕೆ ಸುಲಿಯುವಾಗ ತಲೆಗಾದರೂ ಸುತ್ತಿಕೊಳ್ಳಬಹುದಿತ್ತು.

ಈಗ ಆ 21 ದಿನದ ವಿಷಯ. ಇದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಮುಖಕ್ಕೆ ಆಪರೇಶನ್ ಮಾಡಿಸಿಕೊಂಡವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಆಮೇಲೆ ಬಂದವರು ‘ಕನಿಷ್ಠ’ವನ್ನು ಕೈಬಿಟ್ಟರು, ಮೂಗಿನ ಲೆಕ್ಕವನ್ನು ಮನಸ್ಸಿಗೆ ಹಾಕಿದರು. ಲಂಡನ್ನಿನ ಸಂಶೋಧಕರು 96 ಜನರನ್ನು ಹಿಡಿದು ಲೆಕ್ಕ ಹಾಕಿದಾಗ, ಒಂದು ಸಣ್ಣ ಅಭ್ಯಾಸ ಕೂರಲು ಸುಮಾರು 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಅದೂ ಊಟದ ಜೊತೆ ಹಣ್ಣು ತಿನ್ನುವಂಥ ಅಭ್ಯಾಸಕ್ಕೆ! ನಮ್ಮಲ್ಲಿ ಮೈಲುತುತ್ತ ಸುಣ್ಣ ಬೆರೆಸಿ ಅಡಿಕೆ ಗೊನೆಗೆ ಕೊಳೆರೋಗದ ಮದ್ದು ಹೊಡೆದರೆ ನಲವತ್ತು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಅಡಿಕೆಗಿಂತ ಮನುಷ್ಯ ಬೇಗ ಸುಧಾರಿಸುತ್ತಾನೆ ಅಂತ ನಂಬುವವರು ತೋಟ ನೋಡಿಲ್ಲ, ಮನುಷ್ಯನನ್ನೂ ನೋಡಿಲ್ಲ.

ಪುಸ್ತಕದ ಜೊತೆ ಅದರ ಮಾತೂ ಮನೆಗೆ ಬಂದಿದೆ. ತಮ್ಮನ ಮಗ ಬೆಂಗಳೂರಿಂದ ಬಂದವನು “ದೊಡ್ಡಪ್ಪ, ನೀವು ಬೌಂಡರಿ ಹಾಕ್ಕೊಂಡಿಲ್ಲ, ಅದೇ ಸಮಸ್ಯೆ” ಅಂದ. ನಾನು ಸೀದಾ ಅವನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಗಡಿಕಲ್ಲು ತೋರಿಸಿದೆ. ಅಪ್ಪಯ್ಯನ ಕಾಲದಿಂದ ಅದೇ ಜಗಳ. ಕಲ್ಲು ವರ್ಷಕ್ಕೆ ಒಂದು ಗೇಣು ನಮ್ಮ ಕಡೆ ನಡೆದುಕೊಂಡು ಬರುತ್ತದೆ. ಅವನು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿ, “ಆ ಬೌಂಡರಿ ಅಲ್ಲ” ಅಂದ.

“ಇದನ್ನೇ ಹಾಕಲಾಗಲಿಲ್ಲ ಮಾರಾಯ” ಅಂದೆ.

ಹಾಗಂತ ಹಿಂದಿನದೆಲ್ಲ ಚಿನ್ನ ಅಂತ ನಾನು ಹೇಳಹೊರಟಿಲ್ಲ. ಹಿಂದೆ ಇಷ್ಟು ಪುಸ್ತಕ ಎಲ್ಲಿತ್ತು, ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಹೆಂಗಸರು ಕಷ್ಟಸುಖ ಹೇಳಿಕೊಂಡು ಹಗುರಾಗುತ್ತಿದ್ದರು ಅಂತ ಒಬ್ಬರು ಭಾಷಣದಲ್ಲಿ ಕಣ್ಣೊರೆಸಿಕೊಂಡರು. ಅತ್ತೆಗೆ ಇದನ್ನು ಹೇಳಿದೆ. ಎಂಬತ್ತು ದಾಟಿದವರು, ಜೀವಮಾನವಿಡೀ ಅಡಿಕೆ ಸುಲಿದವರು. ಕವಳ ಒಂದು ಬದಿಗೆ ಸರಿಸಿ ಹೇಳಿದರು: “ನಾ ಅತ್ತಿದ್ದು ರಾತ್ರಿ ಹನ್ನೊಂದು ಗಂಟಿಗೆ. ಬೆಳಗ್ಗೆ ಆಸ್ರಿ ಹೊತ್ತಿಗೆ ನಿಮ್ಮನಿಗೆ ಸುದ್ದಿ ಮುಟ್ಟಿತ್ತು. ಹಗುರಾಗಿದ್ದು ಯಾರು? ಕೇಳಿದವ್ರು!”

ಮನಸ್ಸಿನ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಇಲ್ಲ ಅಂತಲೂ ಅಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿ ನಾಡನ್ನೇ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಎಷ್ಟೊಂದು ಬರೆದಿದ್ದಾರೆ. ಆದರೆ ರೋಗಕ್ಕೆ ರೋಗ ಅನ್ನುವ ಪುಸ್ತಕವನ್ನು ಸಭೆಯಲ್ಲಿ ಯಾರು ಕೊಡುತ್ತಾರೆ? ನಮಗೆ ರೋಗದ ಹೆಸರು ಬೇಡ, ವಾಸಿಯಾಗುವುದು ಮಾತ್ರ ಬೇಕು.

ಪಕ್ಕದ ಕೇರಿಯ ಒಬ್ಬರಿಗೆ ಮಳೆಗಾಲ ಪೂರ್ತಿ ನಿದ್ದೆಯಿಲ್ಲ. ಬೆಳಗಿನ ಜಾವ ಮೂರಕ್ಕೆ ತೋಟದಲ್ಲಿ ಬ್ಯಾಟರಿ ಹಿಡಿದು ಓಡಾಡುತ್ತಿದ್ದರು. ಊಟ ಬಿಟ್ಟರು, ಮಾತು ಬಿಟ್ಟರು. ನೋಡಲು ಹೋದವರೆಲ್ಲ ಒಂದೊಂದು ಪುಸ್ತಕ ಕೊಟ್ಟರು. ತಲೆದಿಂಬಿನ ಹತ್ತಿರ ಆರು ಪುಸ್ತಕ ಸೇರಿತು, ಡಾಕ್ಟರ ಚೀಟಿ ಒಂದೂ ಇಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನವರು ಪುಕ್ಕಟೆ ಮಾತಾಡುತ್ತಾರೆ, ಕನ್ನಡದಲ್ಲೇ. ಅದನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೊಟ್ಟವರಲ್ಲಿ ನಾನೂ ಒಬ್ಬ. ಕೊನೆಗೆ ಅಳಿಯ ಬಂದು ಕಾರಿನಲ್ಲಿ ಧಾರವಾಡದ ಮಾನಸಿಕ ರೋಗಗಳ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. ಅಲ್ಲಿ ಕೂರಿಸಿ ಮಾತಾಡಿಸಿದರು, ಮಾತ್ರೆ ಕೊಟ್ಟರು, ಮತ್ತೆ ಬನ್ನಿ ಅಂದರು. ಈಗ ನಿದ್ದೆ ಬರುತ್ತಿದೆ. ಅವರು ವಾಪಸ್ ಬಂದ ಸಂಜೆ ಜಗಲಿಯಲ್ಲಿ ಸೇರಿದವರು ಕೇಳಿದ ಮೊದಲ ಪ್ರಶ್ನೆ: “ಎಂತ ಪುಸ್ತಕ ಕೊಟ್ಟ ಡಾಕ್ಟ್ರು?”

ಇರಲಿ. ನಮ್ಮ ಪುಸ್ತಕಕ್ಕೆ ಬರುತ್ತೇನೆ. ಮುಂದಿನ ವಾರ ಒಂದು ಗೃಹಪ್ರವೇಶ ಇತ್ತು. ಬಿಳಿ ಬಣ್ಣ ತರೋಣ ಅಂದುಕೊಂಡೇ ಪುಟ ತಿರುಗಿಸುತ್ತಿದ್ದೆ. ನಾಲ್ಕು ಮನೆಯಲ್ಲಿ ಯಾರೂ ಓದಿರಲಿಕ್ಕಿಲ್ಲ ಅಂತ ಅಂದುಕೊಂಡಿದ್ದೆ. ಯಾರೋ ಓದಿದ್ದಾರೆ.

ಎರಡನೇ ಅಧ್ಯಾಯದ ಕೊನೆಗೆ ಅಭ್ಯಾಸ ಅಂತ ಗೆರೆ ಹಾಕಿ ಜಾಗ ಬಿಟ್ಟಿದ್ದಾರೆ. ‘ನಿಮ್ಮನ್ನು ಕಾಡುವ ಸಂಗತಿಗಳನ್ನು ಇಲ್ಲಿ ಬರೆಯಿರಿ.’ ನೀಲಿ ಪೆನ್ನಿನಲ್ಲಿ, ನಡುಗುವ ಅಕ್ಷರದಲ್ಲಿ ತುಂಬಿಸಿದ್ದಾರೆ: ಕೊಳೆರೋಗ. ಎಲೆಚುಕ್ಕಿ ರೋಗ. ಮಂಗ. ಸೊಸೈಟಿ ಸಾಲ. ಮಾಣಿಗೆ ಮದುವೆ.

ಅದರ ಕೆಳಗೆ ಇನ್ನೊಂದು ಪ್ರಶ್ನೆ. ‘ಇವುಗಳಲ್ಲಿ ನಿಮ್ಮ ಹಿಡಿತದಲ್ಲಿರುವುದು ಯಾವುದು?’

ಬರೆದಿದ್ದಾರೆ: ಈ ಪೆನ್ನು.

ಮುಂದಿನ ಪುಟದಲ್ಲೂ ಏನೋ ಬರೆಯಲು ಹೋಗಿದ್ದಾರೆ. ಎರಡು ಅಕ್ಷರ ಮಸುಕಾಗಿ ಮೂಡಿ, ಆಮೇಲೆ ಶಾಯಿ ಬರಲಿ ಅಂತ ಗೋಲ ಗೋಲ ತಿರುಗಿಸಿದ್ದಾರೆ. ಕಾಗದ ಹರಿದಿದೆ.