ಕ್ರಿಯಾಟಿನಿನ್ ಎಷ್ಟುಂಟು ಮಾರಾಯ್ರೆ?

ಇವತ್ತು ಬೆಳಿಗ್ಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಸೊಂಟ ಹಿಡಿದುಕೊಂಡಿತು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದಲ್ಲಿ. ಕಂಡಕ್ಟರ್ ಶಿಳ್ಳೆ ಊದುತ್ತಲೇ ಇದ್ದ. ಹಿಂದಿದ್ದ ಪರಿಚಯದವರೊಬ್ಬರು ಕೈ ಹಿಡಿದು ಹತ್ತಿಸಿದರು. ಕೂತ ಮೇಲೆ ಕೇಳಿದ್ದು ಒಂದೇ: "ಹೊಸ ಕಿಡ್ನಿ ಅಲ್ವಾ? ಕ್ರಿಯಾಟಿನಿನ್ ಎಷ್ಟುಂಟು?"

1.1. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ರಕ್ತದಲ್ಲಿ ನೋಡುವ ಲೆಕ್ಕ ಅದು. ಗೇಟಿಗೆ ಬೋರ್ಡ್ ಹಾಕಿಬಿಡುತ್ತೇನೆ, ಓದಿಕೊಂಡು ಹೋಗಿ.

ಸೊಂಟ ಯಾಕೆ ನೋಯುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನು ತೋರಿಸುತ್ತಿದ್ದ ಡಾಕ್ಟರೂ ಎರಡು ವರ್ಷ ಕೇಳಲಿಲ್ಲ. "ಕ್ರಿಯಾಟಿನಿನ್ ಚೆನ್ನಾಗಿದೆಯಲ್ಲ" ಅಂತ ಫೈಲ್ ಮುಚ್ಚುತ್ತಿದ್ದರು. ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ, ಪಾಪ ಅವರಿಗೂ ಪುರುಸೊತ್ತಿಲ್ಲ ಅನ್ನಬಹುದು. ಚೀಟಿಯಲ್ಲಿ ಪಿಟಿಎಚ್ ಅಂತ ಒಂದು ರಕ್ತಪರೀಕ್ಷೆ ಬರೆಯಲು ಎಷ್ಟು ಪುರುಸೊತ್ತು ಬೇಕು?

ಕೊನೆಗೆ ಬರೆದುಕೊಟ್ಟದ್ದು ಬೇರೆ ಡಾಕ್ಟರು. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ 4. ಕಿಡ್ನಿ ಕೆಟ್ಟಿದ್ದ ವರ್ಷಗಳಲ್ಲಿ ರಕ್ತದ ಕ್ಯಾಲ್ಸಿಯಂ ಇಳಿಯದಂತೆ ಅವು ಹಗಲೂ ರಾತ್ರಿ ಈ ಪಿಟಿಎಚ್ ಎಂಬ ಹಾರ್ಮೋನು ಸುರಿಸಿ ಊದಿಕೊಳ್ಳುತ್ತವೆ. ಹೊಸ ಕಿಡ್ನಿ ಬಂದ ಮೇಲೂ ಕೆಲವರಲ್ಲಿ ನಿಲ್ಲಿಸುವುದಿಲ್ಲ, ರಿಟೈರಾದರೂ ದಿನಾ ಆಫೀಸಿಗೆ ಹೋಗಿ ಕೂರುವ ನಮ್ಮ ಮಾವನ ಹಾಗೆ. ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಹಾಕುವುದೇ ಕೆಲಸ. ನನ್ನ ಕ್ಯಾಲ್ಸಿಯಂ 11.2, ಇರಬೇಕಾದ್ದಕ್ಕಿಂತ ಜಾಸ್ತಿ. ಫಾಸ್ಫರಸ್ ಮಾತ್ರ ಮೂತ್ರದಲ್ಲಿ ಹರಿದುಹೋಗಿ ಕೆಳಗಿದೆ. ಡಯಾಲಿಸಿಸ್ ಕಾಲದಲ್ಲಿ ಅದೇ ಫಾಸ್ಫರಸ್ ಜಾಸ್ತಿ ಅಂತ ಹಾಲು, ಮೀನು ಎಲ್ಲ ಅಳೆದು ತಿಂದವಳು ನಾನು! ಇದರ ಮೇಲೆ ಸ್ಟಿರಾಯ್ಡ್. ಅದು ಮೂಳೆ ಜಾಸ್ತಿ ಸವೆಸುವುದೇ ಮೊದಲ ವರ್ಷ. ನಮ್ಮ ಎರಡು ವರ್ಷ ಫೈಲ್ ಮುಚ್ಚುವುದರಲ್ಲೇ ಹೋಯಿತು.

ಇನ್ನು ನಮ್ಮ ಮಾಮಿ. "ಮೂಳೆ ನೋವಾ? ಬೂತಾಯಿ ಮೀನು ಮುಳ್ಳು ಸಮೇತ ಅಗಿ" ಅಂದರು. ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯನ್ನೂ ತಂದಿಟ್ಟರು. ರಕ್ತದಲ್ಲಿ ಮೊದಲೇ ತುಂಬಿ ತುಳುಕುತ್ತಿರುವಾಗ ಡಾಕ್ಟರನ್ನು ಕೇಳದೆ ಅದನ್ನೂ ನುಂಗಿದ್ದರೆ ಪೆಟ್ಟು ಬೀಳುವುದು ಅಮ್ಮ ಕೊಟ್ಟ ಕಿಡ್ನಿಗೇ.

ಹೇಳಬಾರದು, ಆದರೂ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಮೂಳೆ ಸವೆಯುವ ಹೆದರಿಕೆಗೆ ನಾಲ್ಕು ದಿನ ಸ್ಟಿರಾಯ್ಡ್ ಮಾತ್ರೆಯನ್ನು ಬೇಸಿನ್ನಿಗೆ ಹಾಕಿದೆ. ಕಿಡ್ನಿಯನ್ನು ದೇಹ ತಳ್ಳಿಬಿಡದಂತೆ ಕಾಯುವ ಮಾತ್ರೆ ಅದು, ಗೊತ್ತಿದ್ದೇ ಹಾಕಿದೆ. ಐದನೇ ದಿನ ಅಮ್ಮ ನೀರುದೋಸೆ ಹುಯ್ಯುತ್ತಿದ್ದರು. ಸೆರಗು ಸರಿದು ಪಕ್ಕೆಯ ಹೊಲಿಗೆಯ ಗುರುತು ಕಂಡಿತು. ಒಳಗೆ ಹೋಗಿ ಮಾತ್ರೆ ನುಂಗಿ ಬಂದು, ಎರಡು ದೋಸೆ ಜಾಸ್ತಿ ತಿಂದೆ.

ಅಮ್ಮನಿಗೆ ಇದು ಇನ್ನೂ ಗೊತ್ತಿಲ್ಲ. ಅವರು ಫೇಸ್‌ಬುಕ್ಕಿನಲ್ಲಿಲ್ಲ. ಮಾಮಿ ಇದ್ದಾರೆ. ಮಾಮೀ, ನಿಮ್ಮ ಡಬ್ಬಿ ವಾಪಸ್ ಕೊಡುತ್ತೇನೆ, ಸುಮ್ನೆ ಇರಿ ಆಯ್ತಾ.