ನಮ್ಮನೆ ಡ್ರೀಮ್‌ಕಾಸ್ಟ್‌ಗೆ ಇನ್ನೂ 1998

ನಮ್ಮನೆ ಟಿವಿ ಕೆಳಗೆ ಕೂತಿರುವ ಬಿಳಿ ಡಬ್ಬಿಗೆ ದಿನಾ ಒಂದೇ ತಾರೀಖು. 1998ರ ನವೆಂಬರ್ 27. ಸ್ವಿಚ್ ಹಾಕಿದ ಕೂಡಲೇ ಇವತ್ತು ಯಾವ ದಿನ ಅಂತ ಕೇಳುತ್ತದೆ. ಕೇಳಿ ಸುಮ್ಮನಿರುತ್ತದಾ? ಇಲ್ಲ, ಉತ್ತರವನ್ನೂ ತಾನೇ ತುಂಬಿಟ್ಟಿರುತ್ತದೆ. ಅದು ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಅನ್ನುವ ಈ ವಿಡಿಯೋ ಗೇಮ್ ಡಬ್ಬಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ದಿನ. ಒಳಗಿನ ಗಡಿಯಾರಕ್ಕೆ ರೀಚಾರ್ಜ್ ಆಗುವ ಒಂದು ಗುಂಡು ಬ್ಯಾಟರಿ ಇದೆ. ವಯಸ್ಸಾಗಿ ಅದು ಕೈಕೊಟ್ಟಿದೆ. ತೆಗೆದು ಬೇರೆ ಹಾಕೋಣ ಅಂದರೆ ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದಾರೆ. ಹಾಗಾಗಿ ಪ್ಲಗ್ ಕಿತ್ತಾಗಲೆಲ್ಲ ಡಬ್ಬಿ ನೇರ ತನ್ನ ಹುಟ್ಟುಹಬ್ಬಕ್ಕೆ ಹೋಗಿ ಕೂರುತ್ತದೆ. ನಾನೂ ಸರಿ ಮಾಡುವುದನ್ನು ಬಿಟ್ಟಿದ್ದೇನೆ. ಖುಷಿಯಾಗಿರಲಿ ಪಾಪ.

ಜನ ಇದನ್ನು ಸೋತ ಕನ್ಸೋಲ್ ಅನ್ನುತ್ತಾರೆ. ನನಗೆ ಉರಿಯುವುದೇ ಅಲ್ಲಿ. ಲೆಕ್ಕ ತೆಗೆದರೆ ಅವರ ಮಾತೇ ಸರಿ, ಅದನ್ನೂ ಹೇಳಿಬಿಡುತ್ತೇನೆ. ಮಾರಾಟವಾಗಿದ್ದು ಸುಮಾರು 91 ಲಕ್ಷ. ಎದುರಿಗೆ ಬಂದು ನಿಂತ ಸೋನಿಯ ಪ್ಲೇಸ್ಟೇಷನ್ 2 ಮಾರಾಟವಾಗಿದ್ದು 15 ಕೋಟಿಗೂ ಜಾಸ್ತಿ. ಅದರಲ್ಲಿ ಡಿವಿಡಿ ಹಾಕಿ ಸಿನಿಮಾ ಬೇರೆ ನೋಡಬಹುದಿತ್ತು! ಡ್ರೀಮ್‌ಕಾಸ್ಟ್ ಅಮೆರಿಕಕ್ಕೆ ಬಂದಿದ್ದು 1999ರ ಸೆಪ್ಟೆಂಬರ್ 9ಕ್ಕೆ. ಇನ್ನು ಮುಂದೆ ತಯಾರಿಸುವುದಿಲ್ಲ ಅಂತ ಸೆಗಾ ಹೇಳಿದ್ದು 2001ರ ಜನವರಿ 31ಕ್ಕೆ. ಒಂದೂವರೆ ವರ್ಷವೂ ತುಂಬಿರಲಿಲ್ಲ. ಆದರೆ ಇದರಲ್ಲಿ ಡಬ್ಬಿಯ ತಪ್ಪೇನು? ಇದಕ್ಕೂ ಮೊದಲಿನ ಸ್ಯಾಟರ್ನ್ ಕನ್ಸೋಲಿನ ಕಾಲದಲ್ಲೇ ಕಂಪನಿ ದುಡ್ಡನ್ನೂ ಹೆಸರನ್ನೂ ಸಾಕಷ್ಟು ಕಳೆದುಕೊಂಡಿತ್ತು. ಎಲೆಕ್ಟ್ರಾನಿಕ್ ಆರ್ಟ್ಸ್‌ನಂಥ ದೊಡ್ಡ ಗೇಮ್ ಕಂಪನಿಯವರು ಇದಕ್ಕೆ ಒಂದೇ ಒಂದು ಗೇಮ್ ಕೊಡಲಿಲ್ಲ.

ಇಂಟರ್ನೆಟ್‌ಗೆ ಬೇಕಾದ ಮೋಡೆಮ್ ಒಳಗೇ ಇಟ್ಟುಕೊಂಡು ಬಂದ ಡಬ್ಬಿ ಇದು. ಬೇರೆ ಬೇರೆ ದೇಶದಲ್ಲಿ ಕೂತವರು ಫೋನ್ ಲೈನ್ ಹಿಡಿದು ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಅನ್ನುವ ಗೇಮ್ ಆಡಿದ್ದು 2001ರ ಶುರುವಿಗೇ. ಶುರುವಾಗುವಾಗ ಬರುವ ಆ ಪುಟ್ಟ ಸಂಗೀತ ಕೂಡ ಜಪಾನಿನ ಹೆಸರಾಂತ ಸಂಗೀತಗಾರ ರ್ಯೂಯಿಚಿ ಸಕಮೊಟೊ ಅವರದ್ದು. ನಮ್ಮನೆಯಲ್ಲಿ ಅದನ್ನು ಕೇಳಿದವರಿಲ್ಲ. ಯಾಕಂದರೆ ಅದಕ್ಕೂ ಮೊದಲು ಬೀಪ್ ಬರುತ್ತದೆ.

ಈ ಬೀಪಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ಡ್ರೀಮ್‌ಕಾಸ್ಟ್ ಕಂಟ್ರೋಲರಿನ ನಡುವೆ ಒಂದು ಕಿಟಕಿ ಇದೆ. ಅದರೊಳಗೆ ವಿಎಂಯು ಅನ್ನುವ ಮೆಮೊರಿ ಕಾರ್ಡ್ ಕೂರುತ್ತದೆ. ಬರೀ ಕಾರ್ಡ್ ಅಲ್ಲ, ಅದಕ್ಕೇ ಒಂದು ಪರದೆ. ಅಡ್ಡಕ್ಕೆ 48 ಚುಕ್ಕೆ, ಉದ್ದಕ್ಕೆ 32, ಅಷ್ಟೇ. ರೆಸಿಡೆಂಟ್ ಈವಿಲ್ ಕೋಡ್ ವೆರೋನಿಕಾ ಆಡುವಾಗ ನಿಮ್ಮ ಹೀರೋ ಬದುಕುತ್ತಾರಾ ಇಲ್ಲವಾ ಅಂತ ಅಲ್ಲೇ ಕಾಣುತ್ತದೆ. ಸಾನಿಕ್ ಅಡ್ವೆಂಚರ್‌ನಲ್ಲಿ ಸಾಕಿದ ಮರಿಯನ್ನು ಅದಕ್ಕೆ ಇಳಿಸಿಕೊಂಡು ಜೇಬಲ್ಲಿ ಹಾಕಿಕೊಂಡು ಹೋಗಬಹುದು. ಎಂಥ ಐಡಿಯಾ ಅಲ್ವಾ? ಒಂದೇ ತಾಪತ್ರಯ. ಅದು ಎರಡು ಗುಂಡು ಬ್ಯಾಟರಿ ಕೇಳುತ್ತದೆ, ಹಾಕಿದ್ದನ್ನು ಬೇಗ ನುಂಗಿ ಮುಗಿಸುತ್ತದೆ. ಬ್ಯಾಟರಿ ಮುಗಿದರೂ ಸೇವ್ ಮಾಡಿದ್ದೇನೂ ಅಳಿಸಿಹೋಗುವುದಿಲ್ಲ. ಆದರೆ ಪ್ರತಿ ಸಲ ಡಬ್ಬಿ ಆನ್ ಮಾಡಿದಾಗಲೂ ಬಾಯಿಬಿಟ್ಟು ಕಿರುಚುತ್ತದೆ.

ರಾತ್ರಿ ಎಲ್ಲರೂ ಮಲಗಿದ್ದಾರೆ. ಬಾಗಿಲು ಮುಚ್ಚಿದೆ. ಟಿವಿ ಸದ್ದು ಸೊನ್ನೆಗೆ ಇಳಿಸಿ, ಉಸಿರು ಬಿಗಿಹಿಡಿದು ಸ್ವಿಚ್ ಒತ್ತುತ್ತೇನೆ. ಕೈಯೊಳಗಿಂದ 'ಬೀ…ಪ್!' ಆ ಸದ್ದು ವಿಎಂಯುದೇ, ಟಿವಿ ರಿಮೋಟಿಗೆಲ್ಲ ಬಗ್ಗುವುದಿಲ್ಲ. ಎರಡು ಕಂಟ್ರೋಲರ್ ಸಿಕ್ಕಿಸಿದ್ದರೆ ಜುಗಲ್‌ಬಂದಿ. ಅದರ ಹಿಂದೆಯೇ ಡಿಸ್ಕ್ ಓದಲು ಶುರು ಮಾಡುತ್ತದೆ. ಆಗ ಕೇಳಬೇಕು, ಒಳಗೆ ಯಾರೋ ಕಬ್ಬಿಣದ ಕುರ್ಚಿ ಎಳೆದಾಡಿದ ಹಾಗೆ. ಮಲಗುವ ಕೋಣೆಯಿಂದ ಹೆಂಡತಿಯ ದನಿ ಬರುತ್ತದೆ. "ಬಂತಾ 1998?"

ಇಷ್ಟೆಲ್ಲ ಸಾಹಸ ಮಾಡಿ ನಾನು ಆಡುವುದಾದರೂ ಏನು? ಫೋರ್ಕ್‌ಲಿಫ್ಟ್ ಓಡಿಸುವುದು. ಶೆನ್ಮೂ ಅಂತ ಒಂದು ಗೇಮ್. 1999ರದ್ದು. ಅಪ್ಪನನ್ನು ಕೊಂದವನನ್ನು ಹುಡುಕಿ ಹೊರಟ ಹುಡುಗನ ಕತೆ. ಹುಡುಗ ಹುಡುಕುತ್ತಾನಾ? ಮನೆಯ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಬಹುದು, ಬೆಕ್ಕಿನ ಮರಿಗೆ ಊಟ ಹಾಕಬಹುದು, ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ನಾವಿಕರು ಎಲ್ಲಿ ಸಿಗುತ್ತಾರೆ ಅಂತ ಕೇಳಬಹುದು. ಮುಂದೆ ಹೋದರೆ ಬಂದರಿನಲ್ಲಿ ಕೆಲಸ ಸಿಗುತ್ತದೆ. ಬೆಳಿಗ್ಗೆ ಫೋರ್ಕ್‌ಲಿಫ್ಟ್ ರೇಸು, ಆಮೇಲೆ ಪೆಟ್ಟಿಗೆ ಎತ್ತಿಡುವ ಡ್ಯೂಟಿ. ಆಫೀಸಿನಲ್ಲಿ ದಿನವಿಡೀ ದುಡಿದು ಬಂದವನು ರಾತ್ರಿ ಕದ್ದು ಎದ್ದು ಇನ್ನೊಂದು ಶಿಫ್ಟ್ ಮಾಡುತ್ತೇನೆ. ಸಂಬಳ ಜಪಾನಿನ ಯೆನ್‌ನಲ್ಲಿ, ಕೈಗೆ ಸಿಗುವುದಿಲ್ಲ. ಮರುದಿನ ಆಫೀಸಿನಲ್ಲಿ ಆಕಳಿಸುತ್ತಿದ್ದರೆ "ನಿದ್ದೆ ಆಗಲಿಲ್ವಾ?" ಅಂತ ಕೇಳುತ್ತಾರೆ. ಬಂದರಿನಲ್ಲಿ ಲೋಡ್ ಜಾಸ್ತಿ ಇತ್ತು ಅಂತ ಹೇಳಲಿಕ್ಕಾಗುತ್ತದಾ?

ಡ್ಯೂಟಿ ಇನ್ನೇನು ಮುಗಿಯಬೇಕು, ಸೇವ್ ಇನ್ನೂ ಆಗಿಲ್ಲ, ಆಗಲೇ ಡಬ್ಬಿ ತಾನಾಗಿ ರೀಸೆಟ್ ಆಗುತ್ತದೆ. ಹಳೆಯ ಡ್ರೀಮ್‌ಕಾಸ್ಟ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಪವರ್ ಸಪ್ಲೈ ಬೋರ್ಡ್ ಕೆಳಗಿನ ಬೋರ್ಡಿಗೆ ಸಿಕ್ಕಿಕೊಳ್ಳುವ ಜಾಗದಲ್ಲಿ ಕೆಲವು ಪಿನ್ ಇರುತ್ತವೆ. ವರ್ಷಗಳು ಕಳೆದಂತೆ ಅವಕ್ಕೆ ಮಂಕು ಹಿಡಿದು ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಚ್ಚಿ, ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹುಷಾರಾಗುತ್ತದೆ. ಬಿಚ್ಚುವುದು ಸುಲಭ, ನಾಲ್ಕೇ ಸ್ಕ್ರೂ. ಅದರಲ್ಲಿ ಮೂರು ಕಣ್ಣಿಗೆ ಕಾಣುತ್ತವೆ. ನಾಲ್ಕನೆಯದು ಮೋಡೆಮ್ ಹಿಂದೆ ಅಡಗಿದೆ. ಮೋಡೆಮ್ ಎಳೆದು ತೆಗೆದರೆ ಮಾತ್ರ ದರ್ಶನ. ಒಂದು ಸಲ ಬೋರ್ಡೆಲ್ಲ ಹರಡಿಕೊಂಡು ನೆಲದ ಮೇಲೆ ಕೂತಿದ್ದಾಗ ಅತ್ತೆ ಬಂದು ನೋಡಿ, ಇದನ್ನಾದರೂ ಕಲಿತು ಉದ್ಯೋಗ ಮಾಡಿಕೊಳ್ಳಬಹುದಲ್ಲ ಅಂದರು. ನನಗೆ ಉದ್ಯೋಗ ಇದೆ ಅನ್ನುವುದು ಅವರಿಗೆ ಗೊತ್ತು.

ಅದೇ ಅತ್ತೆಯ ಎದುರು ಮರ್ಯಾದೆ ಪೂರ್ತಿ ಹೋಗಿದ್ದು ಸೀಮನ್‌ನಿಂದ. ಮನುಷ್ಯನ ಮುಖ ಇರುವ ಮೀನು ಸಾಕುವ ಗೇಮ್ ಅದು. ಕಂಟ್ರೋಲರಿಗೆ ಮೈಕ್ ಸಿಕ್ಕಿಸಿ ಮೀನಿನ ಜೊತೆ ಮಾತಾಡಬೇಕು. ಮೀನು ತಿರುಗಿ ಉತ್ತರ ಕೊಡುತ್ತದೆ, ಅದೂ ಉಡಾಫೆಯಿಂದ. ಇಂಗ್ಲಿಷ್ ಆವೃತ್ತಿಯಲ್ಲಿ ಶುರುವಿಗೆ ಬರುವ ಗಂಭೀರ ದನಿ ನಟ ಲೆನಾರ್ಡ್ ನಿಮೊಯ್ ಅವರದ್ದು. ಅಷ್ಟು ದೊಡ್ಡ ಮನುಷ್ಯರು ಪರಿಚಯ ಮಾಡಿಕೊಟ್ಟ ಮೀನಿಗೆ ನನ್ನ ಇಂಗ್ಲಿಷ್ ಅರ್ಥವಾಗುವುದಿಲ್ಲ. ನಿಧಾನಕ್ಕೆ, ಜೋರಾಗಿ, ಬಿಡಿಸಿ ಬಿಡಿಸಿ "ಹೌ… ಆರ್… ಯೂ?" ಅನ್ನುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಕೇಳಿದರು, "ಯಾರ ಜೊತೆ ಮಾತು?" ಹೆಂಡತಿ ತಣ್ಣಗೆ ಉತ್ತರ ಕೊಟ್ಟಳು, "ಮೀನಿನ ಜೊತೆ." ಇನ್ನೊಂದು ಗಮ್ಮತ್ತು ಏನೆಂದರೆ, ನೀವು ಎಷ್ಟು ದಿನ ಮೀನನ್ನು ನೋಡಲು ಬಂದಿಲ್ಲ ಅಂತ ಗೇಮ್ ಲೆಕ್ಕ ಹಾಕುವುದು ಡಬ್ಬಿಯ ಗಡಿಯಾರ ನೋಡಿ. ನಮ್ಮ ಡಬ್ಬಿಯ ಗಡಿಯಾರ! ಆ ಮೀನಿಗೆ ನನ್ನ ಮೇಲೆ ಯಾಕೆ ಅಷ್ಟು ತಾತ್ಸಾರ ಅಂತ ಬೇರೆ ಹೇಳಬೇಕಾ?

ಅಕ್ಕನ ಮಗ ವೈರ್ ಇಲ್ಲದ ಕಂಟ್ರೋಲರಲ್ಲೇ ಬೆಳೆದವನು. ಡ್ರೀಮ್‌ಕಾಸ್ಟ್ ಕಂಟ್ರೋಲರಿನ ವೈರ್ ಹೊರಡುವುದು ಟಿವಿ ಕಡೆಯಿಂದ ಅಲ್ಲ, ಕೆಳಗಡೆಯಿಂದ, ಆಡುವವರ ಹೊಟ್ಟೆಯ ಕಡೆಗೆ. ಅದನ್ನು ನೋಡಿ ಬಿದ್ದುಬಿದ್ದು ನಕ್ಕ. ಸರಿ, ಬೇಡ ಬಿಡು ಅಂತ ಅವನ ಕೈಗೆ ಮೀನು ಹಿಡಿಯುವ ಗಾಳ ಕೊಟ್ಟೆ. ಸೆಗಾ ಬಾಸ್ ಫಿಶಿಂಗ್ ಗೇಮಿಗಾಗಿ ಬಂದ ಕಂಟ್ರೋಲರ್ ಅದು. ಸುತ್ತುವ ರಾಟೆಯೂ ಇದೆ, ಬೀಸಿದರೆ ಗೊತ್ತಾಗುವ ಸೆನ್ಸರೂ ಇದೆ. ತಮಾಷೆ ಏನೆಂದರೆ ಅದು ಸೋಲ್‌ಕ್ಯಾಲಿಬರ್ ಅನ್ನುವ ಕತ್ತಿ ಕಾಳಗದ ಗೇಮಿಗೂ ನಡೆಯುತ್ತದೆ. ಗಾಳ ಬೀಸಿದರೆ ಪರದೆಯ ಮೇಲೆ ಕತ್ತಿ ಬೀಸುತ್ತದೆ. ನಿಂಟೆಂಡೊದ ವೀ ಬಂದು ಜಗತ್ತೆಲ್ಲ ಕೈ ಬೀಸಿದ್ದು 2006ರಲ್ಲಿ, ನೆನಪಿರಲಿ.

ಹುಡುಗ ಸೋಫಾ ಮೇಲೆ ಹತ್ತಿ ನಿಂತ. ಮೊದಲ ಬೀಸಿಗೆ ನಾನು ಅಂಗಾತ ಬಿದ್ದೆ, ಗೇಮಿನಲ್ಲಿ. ಎರಡನೇ ಬೀಸಿಗೆ ಟೇಬಲ್ ಲ್ಯಾಂಪ್ ಬಿತ್ತು, ನಿಜವಾಗಿ. ಒಳಗಿಂದ ಹೆಂಡತಿ ಓಡಿ ಬಂದಳು. ನೆಲ ನೋಡಿದಳು, ಟಿವಿ ನೋಡಿದಳು, ಗಾಳ ಹಿಡಿದು ನಿಂತವನನ್ನು ನೋಡಿದಳು. ಈಗ ಶುರುವಾಯಿತು ಅಂದುಕೊಂಡೆ.

"ನೀನು ಇಳಿ," ಅಂದಳು ಅವನಿಗೆ. "ಅದನ್ನು ಇಲ್ಲಿ ಕೊಡು. ನಿಮ್ಮ ಮಾವನಿಗೆ ನಾನು ಹೊಡೆಯಬೇಕು."