ಬೆಂಕಿಗೊಂದು ಅಳತೆಪಟ್ಟಿ, ಬಿಲ್ಡರಿಗೊಂದು ಶಾಲು

ಇಂಗ್ಲೆಂಡಿನ ಬೆಂಕಿ ಬಹಳ ಶಿಸ್ತಿನದ್ದು. ಹೊತ್ತಿಕೊಳ್ಳುವ ಮೊದಲು ಟೇಪು ಹಿಡಿದು ಕಟ್ಟಡದ ಎತ್ತರ ಅಳೆಯುತ್ತದೆ. 18 ಮೀಟರ್ ದಾಟಿದ್ದರೆ ಮಾತ್ರ ಸುಡುತ್ತದೆ. ಹದಿನೇಳೂವರೆ ಇದ್ದರೆ ಸ್ವಲ್ಪ ಬೆಚ್ಚಗೆ ಮಾಡಿ, ನಮಸ್ಕಾರ ಹೇಳಿ ಹೋಗುತ್ತದೆ. ಅಲ್ಲಿನ ಸರ್ಕಾರ ತುಂಬ ಸಮಯ ಹಾಗೇ ನಂಬಿಕೊಂಡಿತ್ತು.

2020ರಲ್ಲಿ ಅದು 100 ಕೋಟಿ ಪೌಂಡಿನ ಒಂದು ನಿಧಿ ಮಾಡಿತು. ಫ್ಲ್ಯಾಟುಗಳ ಹೊರಗೋಡೆಗೆ ಬಡಿದಿದ್ದ, ಬೆಂಕಿ ಹತ್ತುವ ಕ್ಲಾಡಿಂಗ್ ಎಂಬ ಹೊದಿಕೆಯನ್ನು ಕಿತ್ತು ಹಾಕುವುದಕ್ಕೆ. ಆದರೆ ಕಟ್ಟಡ 18 ಮೀಟರಿನದ್ದಾದರೂ ಇರಬೇಕು. ಮರುವರ್ಷ ನಿಧಿಗೆ ಇನ್ನಷ್ಟು ದುಡ್ಡು ಹಾಕಿದರು. 11ರಿಂದ 18 ಮೀಟರ್ ನಡುವಿನವರಿಗೆ ಸಾಲ ಕೊಡುತ್ತೇವೆ, ತಿಂಗಳಿಗೆ 50 ಪೌಂಡಿಗಿಂತ ಜಾಸ್ತಿ ಕಟ್ಟುವುದು ಬೇಡ ಎಂದರು. 11 ಮೀಟರಿಗಿಂತ ಗಿಡ್ಡ ಕಟ್ಟಡದವರಿಗೆ ಶುಭ ಹಾರೈಕೆ. ಯಾರದ್ದೋ ತಪ್ಪಿಗೆ ಮನೆಯವನು ಯಾಕೆ ಸಾಲ ಮಾಡಬೇಕು ಎಂದು ಜನ ಬೊಬ್ಬೆ ಹೊಡೆದ ಮೇಲೆ 2022ರ ಜನವರಿಯಲ್ಲಿ ಸಾಲದ ಯೋಜನೆಯನ್ನು ಕೈಬಿಟ್ಟರು.

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಈ ಲೆಕ್ಕ ಹೇಳಿದೆ. ಪಕ್ಕದ ಬೆಂಚಿನಲ್ಲಿ ಅಡಿಕೆ ಮರ ಹತ್ತುವ ಅಣ್ಣ ಒಬ್ಬರಿದ್ದರು. "ಹಾಗಾದರೆ ನಾನು ಅರ್ಧ ಮರದಿಂದ ಬಿದ್ದರೆ ಸೊಂಟ ಮುರಿಯುವುದಿಲ್ಲವಾ ಮಾರಾಯ್ರೆ? ತುದಿಯಿಂದ ಬಿದ್ದರೆ ಮಾತ್ರ ಲೆಕ್ಕವಾ?" ಎಂದು ಕೇಳಿದರು. ಇಷ್ಟು ಸಣ್ಣ ಪ್ರಶ್ನೆ ಲಂಡನ್ನಿನ ಮಂತ್ರಿಗಳಿಗೆ ಹೊಳೆಯಲಿಕ್ಕೆ ವರ್ಷಗಳೇ ಬೇಕಾದವು.

ಇದೆಲ್ಲ ಶುರುವಾದದ್ದು 2017ರ ಜೂನ್ 14ರ ರಾತ್ರಿ. ಲಂಡನ್ನಿನ ಗ್ರೆನ್‌ಫೆಲ್ ಟವರ್, 24 ಮಾಳಿಗೆ. ನಾಲ್ಕನೇ ಮಾಳಿಗೆಯ ಒಂದು ಅಡುಗೆಮನೆಯ ಫ್ರಿಜ್ಜಿನಲ್ಲಿ ಹತ್ತಿದ ಬೆಂಕಿ ಕಿಟಕಿಯಿಂದ ಹೊರಗೆ ದಾಟಿ ಗೋಡೆ ಹಿಡಿದು ಮೇಲೇರಿತು. 72 ಜನ ಸತ್ತರು. ಗೋಡೆಗೆ ಹೊಸ ಕ್ಲಾಡಿಂಗ್ ಹಾಕಿದ ಕೆಲಸ ಮುಗಿದು ಒಂದು ವರ್ಷ ಆಗಿತ್ತು ಅಷ್ಟೆ. ಎರಡು ತೆಳು ಅಲ್ಯೂಮಿನಿಯಂ ತಗಡು, ನಡುವೆ ಪಾಲಿಥಿನ್. ಮೊದಲು ಸತುವಿನ ತಗಡು ಹಾಕುವ ಯೋಚನೆ ಇತ್ತು. ಇದು ಅಗ್ಗ ಎಂದು ಬದಲಾಯಿಸಿದರು. ಉಳಿದದ್ದು ಸುಮಾರು 3 ಲಕ್ಷ ಪೌಂಡ್.

ತನಿಖೆಗೆ ಏಳು ವರ್ಷ ಹಿಡಿಯಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಕೊನೆಯ ವರದಿ ಸುಮಾರು 1,700 ಪುಟ. ಅಷ್ಟೂ ಸಾವು ತಪ್ಪಿಸಬಹುದಾಗಿತ್ತು, ಮಾಲು ಮಾರಿದವರು ಮೋಸ ಮಾಡಿದ್ದರು, ಸರ್ಕಾರಕ್ಕೆ ಅಪಾಯ ಗೊತ್ತಿದ್ದೂ ಸುಮ್ನೆ ಕೂತಿತ್ತು ಎಂದು ನಿವೃತ್ತ ನ್ಯಾಯಾಧೀಶರು ಬರೆದರು. ಗೊತ್ತಿದ್ದದ್ದು ಹೇಗೆ? 2009ರಲ್ಲಿ ಅದೇ ಲಂಡನ್ನಿನ ಲಕನಾಲ್ ಹೌಸ್ ಎಂಬ ಕಟ್ಟಡಕ್ಕೆ ಬೆಂಕಿ ಬಿದ್ದು ಆರು ಜನ ಸತ್ತಿದ್ದರು. ಅದರ ವಿಚಾರಣೆ ಮಾಡಿದ ಅಧಿಕಾರಿ 2013ರಲ್ಲಿ ಸರ್ಕಾರಕ್ಕೆ ಪತ್ರ ಬರೆದು, ಬೆಂಕಿ ನಿಯಮದ ಪುಸ್ತಕವನ್ನು ಯಾರಿಗಾದರೂ ಅರ್ಥವಾಗುವ ಹಾಗೆ ತಿದ್ದಿ ಎಂದಿದ್ದರು. ಪುಸ್ತಕ ತಿದ್ದುವ ಮೊದಲೇ ಗ್ರೆನ್‌ಫೆಲ್ ಹೊತ್ತಿಕೊಂಡಿತು. ಪತ್ರ ಮಾತ್ರ ಫೈಲಿನಲ್ಲಿ ಭದ್ರವಾಗಿತ್ತು. ಆ ಫೈಲನ್ನೇ ಗೋಡೆಗೆ ಬಡಿದಿದ್ದರೆ ಇಷ್ಟು ಬೇಗ ಬೆಂಕಿ ಏರುತ್ತಿರಲಿಲ್ಲವೋ ಏನೋ.

ಇನ್ನು ಮಾತುಕತೆಯ ಪರ್ವ. ಗ್ರೆನ್‌ಫೆಲ್ ಒಂದೇ ಅಲ್ಲ, ಅಂಥ ಕಟ್ಟಡ ಸಾವಿರಾರು ಇವೆ ಎಂದು ಗೊತ್ತಾಯಿತು. ಕಟ್ಟಿದವರೇ ಸರಿ ಮಾಡಿ ಕೊಡಲಿ ಎಂದು ಹೇಳುವುದಕ್ಕೆ ಸರ್ಕಾರಕ್ಕೆ 2022 ಆಗಬೇಕಾಯಿತು. ಆ ಜನವರಿಯಲ್ಲಿ ಮಂತ್ರಿ ಮೈಕೆಲ್ ಗೋವ್ ಬಿಲ್ಡರುಗಳಿಗೆ ಪತ್ರ ಬರೆದು 400 ಕೋಟಿ ಪೌಂಡ್ ಕೇಳಿದರು. ಏಪ್ರಿಲಿನಲ್ಲಿ ಬಿಲ್ಡರುಗಳು ತಮ್ಮ ಕಟ್ಟಡ ರಿಪೇರಿಗೆ 200 ಕೋಟಿ ಒಪ್ಪಿದರು. ಅದಲ್ಲದೆ ಇನ್ನೂ 300 ಕೋಟಿಯನ್ನು ಹೊಸ ಕಟ್ಟಡಗಳ ಮೇಲೆ ತೆರಿಗೆ ಹಾಕಿ ಹತ್ತು ವರ್ಷದಲ್ಲಿ ವಸೂಲು ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಆ ತೆರಿಗೆ ಶುರುವಾಗುವ ದಿನ ಜಾರುತ್ತಾ ಜಾರುತ್ತಾ 2026ರ ಅಕ್ಟೋಬರಿಗೆ ಹೋಗಿ ಕೂತಿತು.

ಏಪ್ರಿಲಿನಲ್ಲಿ ಬಿಲ್ಡರುಗಳು ಕೊಟ್ಟದ್ದು ಪ್ರತಿಜ್ಞೆ. ಶಾಲೆಯ ಅಸೆಂಬ್ಲಿಯಲ್ಲಿ ಕೈ ಮುಂದೆ ಚಾಚಿ ಹೇಳುತ್ತೇವಲ್ಲ, ಅದರ ಕಾನೂನುಬಲವೇ ಇದಕ್ಕೂ. ಹಾಗಾಗಿ 2023ರ ಜನವರಿಯಲ್ಲಿ ಕರಾರುಪತ್ರ ಮಾಡಿ ಆರು ವಾರದ ಗಡುವು ಕೊಟ್ಟರು. 39 ಕಂಪನಿಗಳು ಸಹಿ ಹಾಕಿದವು. ಹಾಕದ 11 ಕಂಪನಿಗಳ ಹೆಸರನ್ನು ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಓದಿದರು, ಹೋಂವರ್ಕ್ ತಾರದ ಮಕ್ಕಳ ಹೆಸರು ಓದಿದ ಹಾಗೆ. ಜುಲೈಯಲ್ಲಿ ಇನ್ನೊಂದು ನಿಯಮ ಬಂತು. ಸಹಿ ಹಾಕದಿದ್ದರೆ ಮುಂದೆ ಕಟ್ಟಲಿಕ್ಕೇ ಬಿಡುವುದಿಲ್ಲ ಎಂದರು. ಆಗ ಪೆನ್ನು ಸಿಗದಿದ್ದವರಿಗೂ ಪೆನ್ನು ಸಿಕ್ಕಿತು. ಸರ್ಕಾರ ಬದಲಾಯಿತು. 2024ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಬಿಲ್ಡರುಗಳ ಜೊತೆ ಕೂತು ಜಂಟಿ ಯೋಜನೆ ಮಾಡಿತು. ಅದರಲ್ಲಿ ಏನುಂಟು? ಮಾಡುತ್ತೇವೆ ಎಂದು ಮೊದಲೇ ಸಹಿ ಹಾಕಿದ ಕೆಲಸವನ್ನು ಇನ್ನು ಬೇಗ ಮಾಡುತ್ತೇವೆ ಎಂಬ ಮಾತು.

ಅದೇ ತಿಂಗಳ ಸರ್ಕಾರಿ ಗುರಿ ಇನ್ನೂ ಚಂದ. ಸರ್ಕಾರದ ದುಡ್ಡಿನಲ್ಲಿ ರಿಪೇರಿ ಆಗುವ 18 ಮೀಟರ್ ಮೇಲಿನ ಕಟ್ಟಡಗಳೆಲ್ಲ 2029ರ ಕೊನೆಗೆ ಮುಗಿಯಬೇಕು. 11 ಮೀಟರ್ ಮೇಲಿನವು 2029ರ ಕೊನೆಗೆ ಒಂದೋ ಮುಗಿದಿರಬೇಕು, ಇಲ್ಲವೋ ಯಾವಾಗ ಮುಗಿಯುತ್ತದೆ ಎಂಬ ತಾರೀಕು ಗೊತ್ತಾಗಿರಬೇಕು. ಎರಡೂ ಇಲ್ಲದಿದ್ದರೆ ಮಾಲೀಕನಿಗೆ ಭಾರೀ ದಂಡ. ಅಂದರೆ ಇದು ತಾರೀಕು ಹೇಳಲಿಕ್ಕೆ ಕೊಟ್ಟ ತಾರೀಕು. ತಲಪಾಡಿಯಿಂದ ಈಚೆ ಹೆದ್ದಾರಿ 66ರ ಕೆಲಸದ ನಡುವೆ ಧೂಳು ಕುಡಿದು ಓಡಾಡಿದ ನಮಗೆ ಇದರ ರುಚಿ ಬೇರೆಯವರು ಹೇಳಬೇಕಾಗಿಲ್ಲ. ಅದಕ್ಕೂ ಒಂದು ತಿಂಗಳ ಮೊದಲು ಅಲ್ಲಿನ ಲೆಕ್ಕಪರಿಶೋಧಕರು, ಕೆಲಸ ಮುಗಿಯುವಾಗ 2035 ಆದೀತು, ಅಪಾಯದ ಕಟ್ಟಡಗಳಲ್ಲಿ ಶೇಕಡಾ 60ರಷ್ಟು ಇನ್ನೂ ಪತ್ತೆಯೇ ಆಗಿರಲಿಕ್ಕಿಲ್ಲ ಎಂದಿದ್ದರು. ಕಟ್ಟಡ ಎಂದರೆ ಪರ್ಸು ಅಲ್ಲವಲ್ಲ ಮಾರಾಯ್ರೆ, ಬಸ್ಸಿನಲ್ಲಿ ಬಿದ್ದುಹೋಗಲಿಕ್ಕೆ! ಆರೇಳು ಮಾಳಿಗೆಯದ್ದು, ದಾರಿ ಬದಿಯಲ್ಲೇ ನಿಂತಿರುತ್ತದೆ, ತಲೆ ಎತ್ತಿದರೆ ಕಾಣುತ್ತದೆ.

ಈ ನಡುವೆ 2024ರ ಆಗಸ್ಟಿನಲ್ಲಿ ಪೂರ್ವ ಲಂಡನ್ನಿನ ಡ್ಯಾಗನಮ್ ಎಂಬಲ್ಲಿ ಒಂದು ಫ್ಲ್ಯಾಟಿಗೆ ಬೆಂಕಿ ಬಿತ್ತು. ಆಗ ಆ ಕಟ್ಟಡದ ಸುತ್ತ ಅಟ್ಟಣಿಗೆ ಕಟ್ಟಿಕೊಂಡು ಕ್ಲಾಡಿಂಗ್ ಕೀಳುವ ಕೆಲಸವೇ ನಡೆಯುತ್ತಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಬೆಂಕಿಗೆ ಕರಾರುಪತ್ರದ ಪ್ರತಿ ಕಳಿಸಲು ಯಾರೋ ಮರೆತಿರಬೇಕು.

ಒಳಗೆ ವಾಸ ಮಾಡುವವರ ಪಾಡು ಕೇಳಿ. ನಮ್ಮ ಕಡೆಯವರೊಬ್ಬರ ಮಗ ಮ್ಯಾಂಚೆಸ್ಟರಿನಲ್ಲಿ ಇಂಥ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ. ಗೋಡೆಯ ಬಗ್ಗೆ ಒಂದು ಸರ್ಟಿಫಿಕೇಟ್ ಇಲ್ಲದ ಕಾರಣ ಅದನ್ನು ಕೊಳ್ಳುವವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಅವನ ಮನೆಗೆ ಬೆಲೆ ಸೊನ್ನೆ, ಸಾಲದ ಕಂತು ಮಾತ್ರ ಪೂರ್ತಿ. ಅದರ ಮೇಲೆ ಕಾವಲು. ಕಾರಿಡಾರಿನಲ್ಲಿ ಹಗಲೂ ರಾತ್ರಿ ಒಬ್ಬ ತಿರುಗುತ್ತಾನೆ. ಹೊಗೆ ಕಂಡರೆ ಹಾರ್ನ್ ಊದಿ ಎಲ್ಲರನ್ನೂ ಎಬ್ಬಿಸುವುದು ಅವನ ಕೆಲಸ. ಅವನ ಸಂಬಳ ಕೊಡುವವರು ಕಟ್ಟಿದವರೂ ಅಲ್ಲ, ಕ್ಲಾಡಿಂಗ್ ಮಾರಿದವರೂ ಅಲ್ಲ, ಒಳಗೆ ಮಲಗುವವರು. ಹುಡುಗನ ಅಪ್ಪ ಕೇಳಿದರು: "ಅಷ್ಟು ದುಡ್ಡು ಕೊಟ್ಟೂ ಅವನಿಗೆ ನಿದ್ದೆ ಬರುವುದಿಲ್ಲವಂತೆ. ಹಾಗಾದರೆ ಅವನೇ ಹಾರ್ನ್ ಊದಬಹುದಲ್ಲ, ಸಂಬಳವಾದರೂ ಸಿಗುತ್ತಿತ್ತು?"

ಅಲ್ಲಿ 2022ರ ಕಟ್ಟಡ ಸುರಕ್ಷತಾ ಕಾನೂನು ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಗಿದೆ ಎಂದೂ ಹೇಳಬೇಕು. 11 ಮೀಟರ್ ದಾಟಿದ ಕಟ್ಟಡದಲ್ಲಿ ಸ್ವಂತ ಫ್ಲ್ಯಾಟಿನಲ್ಲಿ ಕೂತವರ ಮೇಲೆ ಕ್ಲಾಡಿಂಗ್ ಖರ್ಚು ಹೇರುವ ಹಾಗಿಲ್ಲ. ಹಳೆಯ ಕಳಪೆ ಕೆಲಸಕ್ಕೆ 30 ವರ್ಷ ಹಿಂದಕ್ಕೆ ಹೋಗಿ ಕೇಸು ಹಾಕಬಹುದು. ನಮ್ಮಲ್ಲಿ ರೇರಾ ಎಂಬ 2016ರ ರಿಯಲ್ ಎಸ್ಟೇಟ್ ಕಾನೂನಿನಲ್ಲಿ ಬಿಲ್ಡರ್ ತನ್ನ ಕೆಲಸದ ದೋಷವನ್ನು ಪುಕ್ಕಟೆ ಸರಿಮಾಡಿ ಕೊಡಬೇಕಾದದ್ದು ಕೀ ಕೊಟ್ಟ ಐದು ವರ್ಷದೊಳಗೆ ದೂರು ಬಂದರೆ ಮಾತ್ರ. ಆಮೇಲಿನ ಬೆಂಕಿ ನಿಮ್ಮ ಸ್ವಂತದ್ದು.

ಕೇರಳದಲ್ಲೂ ಸರ್ಕಾರ ಒಮ್ಮೆ ಬಿಲ್ಡರುಗಳಿಗೆ ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟದ್ದುಂಟು. 2020ರ ಜನವರಿ 11 ಮತ್ತು 12ರಂದು, ಸುಪ್ರೀಂ ಕೋರ್ಟಿನ ಆದೇಶದಂತೆ, ಕೊಚ್ಚಿಯ ಮರಡಿನಲ್ಲಿ ಕರಾವಳಿ ನಿಯಮ ಮುರಿದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಕೆಡವಿದರು. ಎರಡೇ ದಿನ! ಆದರೆ ಅಲ್ಲೂ ಮನೆ ಕಳೆದುಕೊಂಡವರಿಗೆ ತಲಾ 25 ಲಕ್ಷ ಮಧ್ಯಂತರ ಪರಿಹಾರವನ್ನು ಮೊದಲು ಸರ್ಕಾರವೇ ಕೊಟ್ಟು, ಆಮೇಲೆ ಬಿಲ್ಡರುಗಳ ಹಿಂದೆ ಹೋಗಬೇಕಿತ್ತು.

ಈಗ ನಮ್ಮ ಕಾಸರಗೋಡಿಗೆ ಬನ್ನಿ. ಹೊಸಂಗಡಿ, ಉಪ್ಪಳ, ಕುಂಬಳೆ ದಾಟಿ ಪೇಟೆಯ ಹೊಸ ಬಸ್‌ಸ್ಟ್ಯಾಂಡಿನ ತನಕ ಕಣ್ಣು ಹಾಯಿಸಿ. ಹಳೇ ಹಂಚಿನ ಕಟ್ಟಡಕ್ಕೂ ಎದುರಿಗೆ ಎಸಿಪಿ ಶೀಟು ಬಡಿದರೆ ಅದು ಮಾಲ್. ಅದೇ ಜಾತಿಯ ಮಾಲು ಸ್ವಾಮಿ, ಎರಡು ತಗಡು, ನಡುವೆ ಪ್ಲಾಸ್ಟಿಕ್. ಬೆಂಕಿ ತಡೆಯುವ ಜಾತಿಯದ್ದೂ ಸಿಗುತ್ತದೆ, ರೇಟು ಜಾಸ್ತಿ. ಅದು ಬೇಕು ಎಂದು ಅಂಗಡಿಯಲ್ಲಿ ಕೇಳಿದರೆ ನಿಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಕಲರ್ ಯಾವುದು ಹೇಳಿ" ಎನ್ನುತ್ತಾರೆ.

ಪೇಟೆಯ ಒಂದು ಆರು ಮಾಳಿಗೆಯ ಫ್ಲ್ಯಾಟಿನಲ್ಲಿ ನಮ್ಮ ಭಾವನ ಮನೆ ಇದೆ. 15 ಮೀಟರ್ ದಾಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಬಹುಮಹಡಿ ಕಟ್ಟಡ, ಫಯರ್‌ಫೋರ್ಸಿನ ಕಾಗದ ಬೇಕು. ಕಾಗದ ಉಂಟು, ಫ್ರೇಮು ಹಾಕಿ ಆಫೀಸಿನಲ್ಲಿ ತೂಗಿಸಿದ್ದಾರೆ. ಪ್ರತೀ ಮಾಳಿಗೆಯಲ್ಲೂ ನೀರಿನ ಹೋಸ್ ಇಡುವ ಕೆಂಪು ಪೆಟ್ಟಿಗೆ ಉಂಟು. ಮೂರನೇ ಮಾಳಿಗೆಯದ್ದಕ್ಕೆ ಗಾಜು ಒಡೆದು ಪ್ಲೈವುಡ್ ಬಂದಿದೆ, ಪ್ಲೈವುಡ್ಡಿಗೆ ಬೀಗ ಬಂದಿದೆ, ಬೀಗದ ಕೀ ಅಸೋಸಿಯೇಶನ್ ಸೆಕ್ರೆಟರಿಯ ಹತ್ತಿರ. ಸೆಕ್ರೆಟರಿ ಶಾರ್ಜಾದಲ್ಲಿ. ಸಂದಿಯಿಂದ ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಎರಡು ಹಿಡಿಸೂಡಿ, ಒಂದು ಕೇರಂ ಬೋರ್ಡು, ಪೇಂಟಿನ ಡಬ್ಬಿ. ಹೋಸ್ ಎಲ್ಲಿ ಎಂದರೆ ಭಾವ ಬಾಲ್ಕನಿಯಿಂದ ಕೆಳಗೆ ತೋರಿಸಿದರು. ವಾಚ್‌ಮನ್ ಅದರಲ್ಲಿ ಕಾರು ತೊಳೆಯುತ್ತಿದ್ದ. "ಒಳ್ಳೆ ಫೋರ್ಸ್ ಉಂಟು ನೋಡಿ," ಎಂದರು ಭಾವ, ಹೆಮ್ಮೆಯಿಂದ. ಬೆಂಕಿ ಬಿದ್ದಾಗ ಇಳಿಯಬೇಕಾದ ಮೆಟ್ಟಿಲಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಒಂದು ಗ್ಯಾಸ್ ಸಿಲಿಂಡರ್. ಏನು ಮಾಡಬೇಕು, ಏನು ಮಾಡಬಾರದು ಎಂಬ ಬೋರ್ಡು ಮಲಯಾಳದಲ್ಲಿ ಮಾತ್ರ. ಕನ್ನಡ ಮಾತ್ರ ಓದಲು ಬರುವ ನಮ್ಮ ಅತ್ತೆಗೆ ಅದರಲ್ಲಿ ಅರ್ಥವಾಗುವುದು ಓಡುವ ಮನುಷ್ಯನ ಚಿತ್ರ ಒಂದೇ. ಭಾಷಾ ಅಲ್ಪಸಂಖ್ಯಾತರ ಹಕ್ಕನ್ನು ಬೆಂಕಿಯಾದರೂ ಪಾಲಿಸಲಿ.

ಇಲ್ಲೂ ಒಂದು ಮಾತುಕತೆ ಆಗಬೇಕು ಎಂದು ನನ್ನ ಆಸೆ. ಹೇಗೆ ನಡೆಯುತ್ತದೆ ಎಂದು ಈಗಲೇ ಬರೆದು ಕೊಡುತ್ತೇನೆ. ಅಗ್ನಿ ಸುರಕ್ಷತಾ ಸಭೆ ದೀಪ ಹಚ್ಚುವುದರಿಂದ ಶುರು. ಫ್ಯಾನಿನ ಗಾಳಿಗೆ ನಾಲ್ಕು ಕಡ್ಡಿ ಗೀರಿದರೂ ದೀಪ ಹತ್ತುವುದಿಲ್ಲ. ಇಡೀ ಸಭೆಯಲ್ಲಿ ನಿಯಮ ಪಾಲಿಸುವುದು ಅದೊಂದೇ. ಬಿಲ್ಡರಿಗೆ ಶಾಲು ಹೊದೆಸುತ್ತಾರೆ. ಸುರಕ್ಷತೆಯೇ ನನ್ನ ಉಸಿರು ಎಂದು ಅವರು ಮಾತನಾಡುತ್ತಾರೆ. ಹಿಂದಿನ ಸಾಲಿನಿಂದ ಭಾವ ಎದ್ದು, "ನಮ್ಮ ಬೆಂಕಿ ಆರಿಸುವ ಪಂಪು ಯಾವಾಗ ರಿಪೇರಿ ಮಾಡ್ತೀರಿ?" ಎಂದು ಕೇಳುತ್ತಾರೆ. "ಅದು ಕಟ್ಟಿದ್ದು ನನ್ನ ಹಳೇ ಕಂಪನಿ, ಅದನ್ನು ಮುಚ್ಚಿ ಆಯಿತು. ಈಗಿನದ್ದು ಹೆಂಡತಿಯ ಹೆಸರಲ್ಲಿ ಉಂಟು," ಎಂದು ಉತ್ತರ ಬರುತ್ತದೆ. ಈ ವಿದ್ಯೆ ಇಂಗ್ಲೆಂಡಿನವರಿಗೂ ಗೊತ್ತು. ಒಂದು ಕಟ್ಟಡಕ್ಕೆಂದೇ ಒಂದು ಕಂಪನಿ ಹುಟ್ಟಿಸಿ, ಮಾರಿ ಮುಗಿದ ಮೇಲೆ ಬಾಗಿಲು ಹಾಕುವುದು ಅಲ್ಲಿ ಮಾಮೂಲಿ.

ಚಹಾ, ಪಳಂಪೊರಿ ಬರುತ್ತದೆ. ಉಪಸಮಿತಿ ಆಗುತ್ತದೆ. ಬಿಲ್ಡರೇ ಅದರ ಅಧ್ಯಕ್ಷ, ಕಟ್ಟಡದ ಒಳಹೊರಗು ಅವರಿಗೇ ಚೆನ್ನಾಗಿ ಗೊತ್ತಲ್ವಾ. ಪಂಪು ರಿಪೇರಿ ಆಗುವ ತನಕ ರಾತ್ರಿ ಕಾವಲಿಗೆ ಒಬ್ಬನನ್ನು ಇಡುವುದು, ಖರ್ಚು ನಿವಾಸಿಗಳದ್ದು ಎಂದು ತೀರ್ಮಾನ ಆಗುತ್ತದೆ. ಅವನಿಗೆ ಒಂದು ಸೀಟಿ ಬೇಕು ಎಂದು ಯಾರೋ ನೆನಪಿಸುತ್ತಾರೆ. ಅದಕ್ಕೆ ಮೂರು ಅಂಗಡಿಯಿಂದ ಕೊಟೇಶನ್ ತರಬೇಕು, ಶಾರ್ಜಾದಿಂದ ಸೆಕ್ರೆಟರಿ ಬಂದು ಸಹಿ ಹಾಕಬೇಕು. ಅಲ್ಲಿಯ ತನಕ ಅವನು ಬಾಯಲ್ಲೇ ಕೂಗಲಿ. ಮಲಯಾಳದಲ್ಲಿ.